ಹೆಸರುಗಳ ಪಟ್ಟಿ ಬೇಡ, ಆ ಸ್ಲೈಡಿನಿಂದ ಶುರು ಮಾಡಿ

ವಿಜಯಪುರದ ಸಹೋದರಿಗೆ ನಮಸ್ಕಾರ.

ನಿಮ್ಮ ಲೇಖನ ಕೈ ಸೇರಿ ಮೂರು ವಾರ ಆಯಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕಿಲ್ಲ. ಉತ್ತರವನ್ನು ಮಾತ್ರ ಎಲ್ಲರೂ ಓದಲಿ ಎಂದು ಇಲ್ಲೇ ಕೊಡುತ್ತಿದ್ದೇನೆ. ವಿಜ್ಞಾನ ಬರೆಯಲು ಹೊರಟ ಇನ್ನೂ ಹಲವರಿಗೆ ಇದೇ ಮಾತು ಹೇಳಬೇಕಾಗಿದೆ.

ನೇರವಾಗಿ ಹೇಳುತ್ತೇನೆ. ‘ಸಂಕೇತ ಪ್ರೋಟೀನ್‌ಗಳು, ಕಾಂಡಕೋಶಗಳು ಮತ್ತು ಲ್ಯುಕೇಮಿಯಾ’ ಎಂಬ ಈ ಬರಹವನ್ನು ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನ್‌ಗಳು, ರಕ್ತಕಣಗಳಿಗೆಲ್ಲ ಮೂಲವಾದ ಕಾಂಡಕೋಶಗಳು, ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾ, ಇವು ನಿಮ್ಮ ವಿಷಯ. ನೀವು ಕಷ್ಟಪಟ್ಟು ಓದಿದ್ದೀರಿ, ಅದು ಗೊತ್ತಾಗುತ್ತದೆ. ಆದರೆ 2,600 ಪದಗಳಲ್ಲಿ 17 ಪ್ರೋಟೀನ್‌ಗಳ ಹೆಸರಿದೆ, ಕೂತು ಎಣಿಸಿದೆ. ಅವುಗಳಲ್ಲಿ ಒಂದಾದರೂ ಕೆಲಸ ಮಾಡುವುದು ನನ್ನ ಕಣ್ಣಿಗೆ ಬೀಳಲಿಲ್ಲ. ‘ಪ್ರಮುಖ ಪಾತ್ರ ವಹಿಸುತ್ತದೆ’ ಎಂಬ ಮಾತು ಒಂಬತ್ತು ಕಡೆ ಬಂದಿದೆ. ಯಾವ ಪಾತ್ರ, ಹೇಗೆ ಅಂತ ಎಲ್ಲೂ ಇಲ್ಲ. ಮೊದಲ ಪುಟದ ‘ಅನಾದಿ ಕಾಲದಿಂದಲೂ ಮಾನವನು’ ಎಂಬ ಪ್ಯಾರಾವನ್ನು ಪೂರ್ತಿ ತೆಗೆಯಿರಿ. ಅದರಿಂದ ನಷ್ಟವೇನೂ ಇಲ್ಲ.

ಇಷ್ಟೆಲ್ಲ ಮುಗಿದ ಮೇಲೆ, ಕೊನೆಯ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದೀರಿ. ಲ್ಯಾಬಿನಲ್ಲಿ ರಾತ್ರಿ ಪಾಳಿ. ಜ್ವರ, ಸುಸ್ತು ಅಂತ ಬಂದ ಹುಡುಗನ ರಕ್ತ. ಮೆಷಿನ್ನಿನಲ್ಲಿ ಬಿಳಿ ರಕ್ತಕಣಗಳ ಲೆಕ್ಕ ವಿಪರೀತ ಜಾಸ್ತಿ ಬಂತು. ನೀವು ಸ್ಲೈಡ್ ಎಳೆದಿರಿ, ಲೀಶ್‌ಮನ್ ಬಣ್ಣ ಹಾಕಿದಿರಿ, ಒಂದು ಹನಿ ಎಣ್ಣೆ ಬಿಟ್ಟು ನೂರರ ಲೆನ್ಸ್‌ನಲ್ಲಿ ನೋಡಿದಿರಿ. ದೊಡ್ಡ ನ್ಯೂಕ್ಲಿಯಸ್ಸೇ ತುಂಬಿಕೊಂಡಿರುವ, ಎಲ್ಲವೂ ಒಂದೇ ಥರ ಕಾಣುವ ಕೋಶಗಳು. ಬ್ಲಾಸ್ಟ್‌ಗಳು. ಡಾಕ್ಟರಿಗೆ ಫೋನ್ ಮಾಡಲು ಹೊರಗೆ ಬಂದಾಗ ಬೆಂಚಿನ ಮೇಲೆ ಕೂತಿದ್ದ ಹುಡುಗನ ಅಪ್ಪ ಎದ್ದು ನಿಂತು ಕೇಳಿದ: “ಅಕ್ಕಾರ, ರಕ್ತ ಕಡಿಮಿ ಐತೇನ್ರಿ?”

ಲೇಖನ ಇಲ್ಲಿಂದಲೇ ಶುರುವಾಗಬೇಕು. ಬೆಳಗಾವಿಯಲ್ಲಿ ಕೂತು ನಾನು ಎಷ್ಟು ಪುಸ್ತಕ ಓದಿದರೂ ಈ ನಾಲ್ಕು ಸಾಲು ನನಗೆ ಬರೆಯಲು ಬರುವುದಿಲ್ಲ. ನೀವು ನೋಡಿದ್ದೀರಿ. ಅದನ್ನು ಕೊನೆಗೆ ತಳ್ಳಿ, ಎಲ್ಲರಿಗೂ ಸಿಗುವ ಹೆಸರುಗಳ ಪಟ್ಟಿಯನ್ನು ಮುಂದೆ ಇಟ್ಟಿದ್ದೀರಿ.

ನಿಮ್ಮ ವಿಷಯಕ್ಕೂ ಆ ಸ್ಲೈಡೇ ಬಾಗಿಲು. ಬ್ಲಾಸ್ಟ್ ಅಂದರೆ ಅರ್ಧಕ್ಕೇ ನಿಂತ ಕೋಶ, ಅಲ್ವಾ? ಬೆಳೆದು ಕೆಲಸಕ್ಕೆ ಬರಬೇಕಾಗಿತ್ತು. ಬೆಳೆಯಲಿಲ್ಲ, ಹೆಚ್ಚುತ್ತಾ ಮಾತ್ರ ಹೋಯಿತು. ‘ಬೆಳೆದು ದೊಡ್ಡವನಾಗು’ ಎಂಬ ಸಂದೇಶ ಅದಕ್ಕೆ ನಾಟಲಿಲ್ಲ. ‘ಒಡೆದು ಎರಡಾಗು’ ಎಂಬ ಸಂದೇಶ ನಿಲ್ಲಲಿಲ್ಲ. ಈ ಎರಡು ವಾಕ್ಯ ಓದಿದವರು ಮುಂದಿನ ಪ್ರೋಟೀನ್ ಕಥೆಯನ್ನು ತಾವಾಗಿಯೇ ಕೇಳುತ್ತಾರೆ. ಬೆಳೆಯದೆ ನಿಂತ ಕೋಶವನ್ನು ಬೆಳೆಸಿ ಕಾಯಿಲೆಯನ್ನು ಹತೋಟಿಗೆ ತಂದ ಉದಾಹರಣೆಯೂ ಇದೆ. ಎಪಿಎಲ್ ಎಂಬ ಲ್ಯುಕೇಮಿಯಾಗೆ ಶಾಂಘೈನ ವೈದ್ಯರು ‘ಎ’ ವಿಟಮಿನ್ನಿನ ಸಂಬಂಧಿಯಾದ ರೆಟಿನಾಯಿಕ್ ಆಸಿಡ್ ಕೊಟ್ಟು ನೋಡಿದರು. 24 ರೋಗಿಗಳ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಅರ್ಧಕ್ಕೆ ನಿಂತಿದ್ದ ಕೋಶಗಳು ಬಲಿಯತೊಡಗಿದವು. ನಿಮ್ಮ ಲೇಖನದಲ್ಲಿ ಇದು ಇಲ್ಲವೇ ಇಲ್ಲ. ಸೇರಿಸಿ.

ಈಗ ತಪ್ಪುಗಳ ವಿಷಯ.

‘ಕಾಂಡಕೋಶಗಳು ಸದಾ ವೇಗವಾಗಿ ವಿಭಜನೆಯಾಗುತ್ತಿರುತ್ತವೆ’ ಎಂದಿದ್ದೀರಿ. ಇದು ತಿರುಗಾಮುರುಗಾ ಆಗಿದೆ. ನಮ್ಮ ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ರಕ್ತಕಣ ತಯಾರಿಸುತ್ತದೆ, ಒಂದೊಂದರ ಆಯುಷ್ಯ ಸುಮಾರು 120 ದಿನ. ಆದರೆ ಆ ದುಡಿಮೆಯನ್ನು ಹೆಚ್ಚಾಗಿ ಮಾಡುವುದು ಕಾಂಡಕೋಶದ ಮಕ್ಕಳು, ಮೊಮ್ಮಕ್ಕಳು. ಮೂಲದ ಕಾಂಡಕೋಶ ಬಹುತೇಕ ಸಮಯ ಸುಮ್ನೆ ಇರುತ್ತದೆ. ನಿಮ್ಮ ತಂದೆ ಇಂಡಿ ಕಡೆ ಮಾಲದಂಡಿ ಜೋಳ ಬೆಳೆಯುತ್ತಾರೆ ಎಂದು ಮೇಲ್‌ನಲ್ಲಿ ಬರೆದಿದ್ದೀರಿ. ಹಾಗಾದರೆ ಬಿತ್ತನೆಗೆ ಅಂತ ಆರಿಸಿ ಎತ್ತಿಟ್ಟ ತೆನೆಗಳನ್ನು ನೋಡಿರುತ್ತೀರಿ. ಮನೆಯಲ್ಲಿ ಜೋಳ ಮುಗಿದರೂ ಅದಕ್ಕೆ ಕೈ ಹಾಕುವುದಿಲ್ಲ. ಮಜ್ಜೆಯಲ್ಲೂ ಹಾಗೆ. ಸುತ್ತಲಿನ ಕೋಶಗಳು ಕಾಂಡಕೋಶಕ್ಕೆ ‘ಈಗ ಬೇಡ, ಸುಮ್ಮನಿರು’ ಎಂದು ಹೇಳುತ್ತಲೇ ಇರುತ್ತವೆ. ಸುಮ್ಮನಿರು ಎನ್ನುವುದೂ ಒಂದು ಸಂದೇಶ. ನೀವು ‘ಬೆಳೆ, ಒಡೆ’ ಎನ್ನುವ ಸಂದೇಶಗಳನ್ನಷ್ಟೇ ಬರೆದಿದ್ದೀರಿ, ಅರ್ಧ ಕಥೆ ಬಿಟ್ಟುಹೋಗಿದೆ.

ಎರಡನೆಯದು ಗೋಲಗುಮ್ಮಟ. ‘ಗುಮ್ಮಟದಲ್ಲಿ ಪಿಸುಗುಟ್ಟಿದರೆ ಎಲ್ಲರಿಗೂ ಕೇಳುವಂತೆ, ಸಂಕೇತ ಪ್ರೋಟೀನ್ ಎಲ್ಲ ಕೋಶಗಳಿಗೂ ಸುದ್ದಿ ಮುಟ್ಟಿಸುತ್ತದೆ.’ ವಿಜಯಪುರದವರಿಗೆ ಆ ಹೋಲಿಕೆ ಬಾಯಿಗೆ ಬಂದೇ ಬರುತ್ತದೆ. ಆದರೆ ವಿಜ್ಞಾನ ಹಾಗಿಲ್ಲ. ಹಿಡಿದುಕೊಳ್ಳುವ ಪ್ರೋಟೀನ್ ಮೈಮೇಲೆ ಇರುವ ಕೋಶಕ್ಕೆ ಮಾತ್ರ ಸಂದೇಶ ಮುಟ್ಟುತ್ತದೆ. ಉಳಿದ ಕೋಶಗಳಿಗೆ ಪಕ್ಕದಲ್ಲೇ ಇದ್ದರೂ ಕೇಳಿಸದು. ದೂರದ ಲೆಕ್ಕವೂ ಬೇರೆ ಬೇರೆ. ಮೂತ್ರಪಿಂಡದಲ್ಲಿ ತಯಾರಾಗುವ ಎರಿಥ್ರೊಪೊಯೆಟಿನ್ ರಕ್ತದಲ್ಲಿ ತೇಲಿ ಮಜ್ಜೆಯವರೆಗೆ ಹೋಗುತ್ತದೆ. ವಿಂಟ್ ಪ್ರೋಟೀನಿಗೆ ಕೊಬ್ಬಿನ ತುಣುಕೊಂದು ಅಂಟಿರುತ್ತದೆ, ಅದು ಹೆಚ್ಚು ದೂರ ಹೋಗದೆ ಅಕ್ಕಪಕ್ಕದಲ್ಲೇ ಉಳಿಯುತ್ತದೆ. ನಾಚ್ ಎಂಬ ಪ್ರೋಟೀನಿನ ವಿಷಯದಲ್ಲಂತೂ ಒಂದು ಕೋಶ ಇನ್ನೊಂದನ್ನು ಮುಟ್ಟಲೇಬೇಕು. ಮುಟ್ಟಿದಾಗ ನಾಚ್‌ನ ಒಳತುದಿ ಕತ್ತರಿಸಿಕೊಂಡು ತಾನೇ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ. ಊರಿಂದೂರಿಗೆ ಹೋಗುವ ಕಾಗದ, ಓಣಿಯ ಮಾತು, ಕೈ ಹಿಡಿದು ಹೇಳುವ ಗುಟ್ಟು. ಈ ಮೂರೂ ಬೇರೆ. ಈ ವ್ಯತ್ಯಾಸ ನಿಮ್ಮ ಲೇಖನದಲ್ಲಿ ಬಂದರೆ ಗುಮ್ಮಟದ ಹಂಗು ಬೇಕಿಲ್ಲ.

ಅಂದಹಾಗೆ, ವಿಂಟ್ ಪ್ರೋಟೀನನ್ನು ನೀವು ‘ಡಬ್ಲ್ಯುಎನ್‌ಟಿ’ ಎಂದು ಬಿಡಿಬಿಡಿಯಾಗಿ ಬರೆದಿದ್ದೀರಿ. ವಿಜ್ಞಾನಿಗಳು ವಿಂಟ್ ಅಂತಲೇ ಹೇಳುತ್ತಾರೆ. ರೆಕ್ಕೆ ಇಲ್ಲದ ನೊಣದಲ್ಲಿ ಗುರುತಿಸಿದ ವಿಂಗ್‌ಲೆಸ್ ಜೀನ್, 1982ರಲ್ಲಿ ಇಲಿಯಲ್ಲಿ ಸಿಕ್ಕ ಇಂಟ್-1 ಜೀನ್, ಎರಡೂ ಒಂದೇ ಕುಟುಂಬದವು ಎಂದು ಗೊತ್ತಾದಾಗ ಎರಡು ಹೆಸರನ್ನೂ ಸೇರಿಸಿ ಇಟ್ಟದ್ದು ಅದು. ನಾಚ್ ಅಂದರೆ ಕಚ್ಚು. ನೊಣದ ರೆಕ್ಕೆಯ ಅಂಚಿನಲ್ಲಿ ಕಚ್ಚು ಬಿದ್ದದ್ದನ್ನು ನೂರು ವರ್ಷಕ್ಕೂ ಹಿಂದೆ ಗಮನಿಸಿ ಇಟ್ಟ ಹೆಸರು. ಇಂಥ ಒಂದು ಸಾಲು ಇದ್ದರೆ ಓದುಗರಿಗೆ ಹೆಸರು ನೆನಪಿನಲ್ಲಿ ಉಳಿಯುತ್ತದೆ.

ಪದಗಳ ಬಗ್ಗೆಯೂ ಒಂದು ಮಾತು. ಸಂದೇಶ ಹಿಡಿದುಕೊಳ್ಳುವ, ಕೋಶದ ಮೈಮೇಲಿನ ಆ ಪ್ರೋಟೀನಿಗೆ ‘ಗ್ರಾಹಕ’ ಎಂದು ಬರೆದಿದ್ದೀರಿ. ಪಠ್ಯಪುಸ್ತಕದಲ್ಲಿ ಹಾಗೇ ಇದೆ, ಗೊತ್ತು. ಆದರೆ ಖಡೇಬಜಾರಿನಲ್ಲಿ ಗ್ರಾಹಕ ಅಂದರೆ ಅಂಗಡಿಗೆ ಬಂದವನು. ‘ಗ್ರಾಹಕಗಳ ಸಂಖ್ಯೆ ಹೆಚ್ಚಾದಾಗ ಕ್ಯಾನ್ಸರ್’ ಎಂಬ ನಿಮ್ಮ ವಾಕ್ಯವನ್ನು ನಮ್ಮ ಪ್ರೂಫ್ ನೋಡುವವರು ಎರಡು ಸಲ ಓದಿ ನನ್ನ ಹತ್ತಿರ ಬಂದರು. ರಿಸೆಪ್ಟರ್ ಅಂತಲೇ ಬರೆಯಿರಿ, ಒಂದು ಸಲ ಬಿಡಿಸಿ ಹೇಳಿ, ಸಾಕು. ಹಾಗೆಯೇ ಒಂದು ಪುಟದಲ್ಲಿ ಕಾಂಡಕೋಶ, ಇನ್ನೊಂದರಲ್ಲಿ ಆಕರಕೋಶ, ಮತ್ತೊಂದರಲ್ಲಿ ಸ್ಟೆಮ್ ಸೆಲ್ ಇದೆ. ಓದುವವರು ಮೂರೂ ಬೇರೆ ಎಂದುಕೊಳ್ಳುತ್ತಾರೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.

ಹದಿನೇಳು ಪ್ರೋಟೀನ್ ಬೇಡ ಎಂದೆ. ಹಾಗಾದರೆ ಯಾವುದು? ನನ್ನನ್ನು ಕೇಳಿದರೆ ಎರಿಥ್ರೊಪೊಯೆಟಿನ್ ಒಂದನ್ನೇ ಹಿಡಿದು ಹೋಗಿ. ನಮ್ಮ ಓದುಗರಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರು ಎಷ್ಟೋ ಜನ ಇದ್ದಾರೆ. ರಕ್ತ ಏರಲಿ ಎಂದು ಕೊಡುವ ಆ ಇಂಜೆಕ್ಷನ್ ಅವರಿಗೆ ಗೊತ್ತು. ಆಕ್ಸಿಜನ್ ಸಾಲದಾದಾಗ ಮೂತ್ರಪಿಂಡ ಈ ಪ್ರೋಟೀನನ್ನು ಬಿಡುತ್ತದೆ. ಅದು ಮಜ್ಜೆಯ ಎಳೆಯ ಕೋಶದ ಮೇಲಿನ ರಿಸೆಪ್ಟರ್ ಮೇಲೆ ಕೂರುತ್ತದೆ. ರಿಸೆಪ್ಟರ್‌ನ ಒಳಬದಿಗೆ ಜಾಕ್2 ಎಂಬ ಪ್ರೋಟೀನ್ ಇರುತ್ತದೆ, ಅದು ಎಚ್ಚರಾಗುತ್ತದೆ. ಅದು ಸ್ಟಾಟ್ ಎಂಬುದನ್ನು ಎಬ್ಬಿಸುತ್ತದೆ. ಸ್ಟಾಟ್ ನ್ಯೂಕ್ಲಿಯಸ್ಸಿಗೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕೆಂಪು ಕಣ ಹೆಚ್ಚುತ್ತದೆ, ಆಕ್ಸಿಜನ್ ಸರಿಹೋಗುತ್ತದೆ, ಮೂತ್ರಪಿಂಡ ಸುಮ್ಮನಾಗುತ್ತದೆ. ಕರೆದಾಗ ಬರುವುದು, ಕೆಲಸ ಮುಗಿದಾಗ ಹೋಗುವುದು. ಆರೋಗ್ಯ ಅಂದರೆ ಇಷ್ಟೇ.

ಈಗ ಕಾಯಿಲೆಗೆ ಬನ್ನಿ. 2005ರಲ್ಲಿ ಒಂದೇ ವರ್ಷ ಹಲವು ತಂಡಗಳು ಜಾಕ್2 ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಕಂಡುಹಿಡಿದವು. ಕೆಂಪು ಕಣ ಮಿತಿಮೀರಿ ಹೆಚ್ಚುವ ಪಾಲಿಸೈಥೀಮಿಯಾ ವೀರಾ ಎಂಬ ಕಾಯಿಲೆಯಲ್ಲಿ ಸುಮಾರು 95% ರೋಗಿಗಳಲ್ಲಿ ಈ ಬದಲಾವಣೆ ಇರುತ್ತದೆ. ಬಾಗಿಲಲ್ಲಿ ಯಾರೂ ಇಲ್ಲ, ಆದರೂ ಕಾಲಿಂಗ್ ಬೆಲ್ ಒತ್ತಿಕೊಂಡೇ ಉಳಿದಿದೆ. ಬದಲಾವಣೆ ಆಗಿರುವುದು ಕಾಂಡಕೋಶದಲ್ಲಿ, ಹಾಗಾಗಿ ಅದರ ಮಕ್ಕಳು ಮರಿಗಳಿಗೆಲ್ಲ ಆ ಗಂಟೆ ಕೇಳುತ್ತಲೇ ಇರುತ್ತದೆ. ಕೆಲವರಲ್ಲಿ ವರ್ಷಗಳ ಮೇಲೆ ಇದು ಲ್ಯುಕೇಮಿಯಾಗೆ ತಿರುಗುತ್ತದೆ. ಹೀಗೆ ಒಂದೇ ಪ್ರೋಟೀನಿನ ಬೆನ್ನು ಹತ್ತಿದರೆ ಕಾಂಡಕೋಶವೂ ಬಂತು, ಲ್ಯುಕೇಮಿಯಾವೂ ಬಂತು.

‘ವಿಂಟ್, ನಾಚ್ ಮುಂತಾದ ಕ್ಯಾನ್ಸರ್‌ಕಾರಕ ಪ್ರೋಟೀನ್‌ಗಳು’ ಎಂದೂ ಬರೆದಿದ್ದೀರಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಅವು ಇಲ್ಲದಿದ್ದರೆ ಹೊಟ್ಟೆಯಲ್ಲಿ ಮಗುವಿನ ಮೈ ರೂಪುಗೊಳ್ಳುವುದೇ ಇಲ್ಲ. ಟಿ-ಕೋಶ ಎಂಬ ಬಿಳಿ ರಕ್ತಕಣದ ಅಕ್ಯೂಟ್, ಅಂದರೆ ಬೇಗ ಉಲ್ಬಣಿಸುವ, ಲ್ಯುಕೇಮಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ನಾಚ್1 ಜೀನ್ ಬದಲಾಗಿರುವುದು 2004ರಲ್ಲಿ ತಿಳಿಯಿತು, ನಿಜ. ಆದರೆ ರಕ್ತಕೋಶಗಳ ಇನ್ನೊಂದು ಕವಲಾದ ಮೈಲಾಯ್ಡ್ ಕಡೆಗೆ ಬಂದರೆ, ಇಲಿಗಳಲ್ಲಿ ನಾಚ್ ಸಂದೇಶವನ್ನು ನಿಲ್ಲಿಸಿದಾಗಲೇ ಲ್ಯುಕೇಮಿಯಾದಂಥ ಕಾಯಿಲೆ ಕಾಣಿಸಿಕೊಂಡಿದೆ. ಅದೇ ಸಂದೇಶ ಒಂದು ಕೋಶಕ್ಕೆ ಕೆಡುಕು, ಇನ್ನೊಂದಕ್ಕೆ ಕಾವಲು. ಕೆಟ್ಟ ಪ್ರೋಟೀನ್, ಒಳ್ಳೆ ಪ್ರೋಟೀನ್ ಎಂದು ಪಂಗಡ ಮಾಡಬೇಡಿ. ಲ್ಯುಕೇಮಿಯಾ ಹೊಸ ಭಾಷೆ ಕಲಿತು ಬಂದದ್ದಲ್ಲ, ನಮ್ಮ ಮಜ್ಜೆಯ ಮಾತನ್ನೇ ಆಡುತ್ತದೆ. ಅದಕ್ಕೇ ಔಷಧಿ ಹುಡುಕುವುದು ಇಷ್ಟು ಕಷ್ಟ. ಕಾಯಿಲೆಯ ಕೋಶದ ಬಾಯಿ ಮುಚ್ಚಿಸಲು ಹೋದರೆ ಒಳ್ಳೆಯ ಕೋಶಕ್ಕೂ ಪೆಟ್ಟು ಬೀಳುತ್ತದೆ.

ಕೊನೆಗೆ, ನನ್ನನ್ನು ತುಂಬಾ ತಟ್ಟಿದ ಒಂದು ವಾಕ್ಯ. ‘ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ ಲ್ಯುಕೇಮಿಯಾ ಸಂಪೂರ್ಣ ಗುಣವಾಗುವ ಕಾಯಿಲೆಯಾಗಿದೆ.’

ನಮ್ಮ ಕಾಕಾಗೆ ಸಿಎಂಎಲ್ ಎಂಬ, ನಿಧಾನವಾಗಿ ಬೆಳೆಯುವ ಲ್ಯುಕೇಮಿಯಾ ಇದೆ. ದಿನಾ ಊಟ ಆದ ಮೇಲೆ ಒಂದು ಲೋಟ ನೀರಿನ ಜೊತೆ ಆ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಯಾರೋ ಇಂಥದೇ ಒಂದು ಬರಹ ಕಳಿಸಿದರು. ಓದಿದವರೇ ‘ಗುಣ ಆಗೇತಲ್ಲ, ಇನ್ನ್ಯಾಕ’ ಎಂದು ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಮೂರನೇ ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದಾಗ ಲೆಕ್ಕ ಮತ್ತೆ ಏರಿತ್ತು. ಕಾಕೂ ಮಾತ್ರೆಯ ಪಟ್ಟಿಗಳನ್ನು ಅಲಮಾರಿಯಿಂದ ತೆಗೆದು ಒಂದೊಂದಾಗಿ ಎಣಿಸುತ್ತಾ ಕೂತಿದ್ದರು. ದೇವರ ದಯೆ, ಮಾತ್ರೆ ಮತ್ತೆ ಶುರು ಮಾಡಿದ ಮೇಲೆ ಹತೋಟಿಗೆ ಬಂತು. ಅಂದಿನಿಂದ ‘ಸಂಪೂರ್ಣ’ ಎಂಬ ಪದ ಕಂಡರೆ ನಾನು ಪೆನ್ನು ಕೆಳಗಿಡುವುದಿಲ್ಲ.

ಆ ಜಾಗದಲ್ಲಿ ನಿಜವನ್ನೇ ಬರೆಯಿರಿ, ಅದೇ ದೊಡ್ಡ ಕಥೆ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿಎಂಎಲ್ ರೋಗಿಗಳ ಕೋಶದಲ್ಲಿ ಒಂದು ಗಿಡ್ಡ ಕ್ರೋಮೋಸೋಮ್ ಕಂಡಿತು. 1973ರಲ್ಲಿ ಜಾನೆಟ್ ರೌಲಿ, 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಿವೆ ಎಂದು ತೋರಿಸಿದರು. ಆ ಬೆಸುಗೆಯಿಂದ ಹುಟ್ಟಿದ ಬಿಸಿಆರ್-ಎಬಿಎಲ್ ಪ್ರೋಟೀನ್ ಕೂಡ ಆರದೆ ಉಳಿದ ಒಂದು ಸ್ವಿಚ್ಚು. ಇಮ್ಯಾಟಿನಿಬ್ ಅದನ್ನು ಆರಿಸುತ್ತದೆ. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ದೊಡ್ಡ ಪರೀಕ್ಷೆಯಲ್ಲಿ ಈ ಮಾತ್ರೆಯಿಂದಲೇ ಚಿಕಿತ್ಸೆ ಶುರು ಮಾಡಿದವರಲ್ಲಿ ಹತ್ತು ವರ್ಷದ ಮೇಲೂ ಸುಮಾರು 83% ಜನ ಬದುಕಿದ್ದರು. ನಮ್ಮಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇದರ ಪೇಟೆಂಟ್ ಮನವಿಯನ್ನು ತಳ್ಳಿಹಾಕಿತು, ಕಡಿಮೆ ಬೆಲೆಯ ಮಾತ್ರೆಗಳಿಗೆ ದಾರಿ ಉಳಿಯಿತು. ಆದರೆ ಇದು ಎಲ್ಲ ಲ್ಯುಕೇಮಿಯಾಗೂ ಅಲ್ಲ, ಮುಖ್ಯವಾಗಿ ಈ ಬೆಸುಗೆ ಇರುವ ಲ್ಯುಕೇಮಿಯಾಗೆ. ಸಿಎಂಎಲ್‌ನಲ್ಲೂ ಕಾಯಿಲೆಯ ಕಾಂಡಕೋಶಗಳು ಮಾತ್ರೆಯ ನಡುವೆಯೇ ಮಜ್ಜೆಯಲ್ಲಿ ಉಳಿದುಬಿಡುತ್ತವೆ. ಹೊಲದಲ್ಲಿ ಕುಂಟೆ ಹೊಡೆದರೂ ಕರಿಕೆಯ ಬೇರು ಉಳಿಯುವುದಿಲ್ಲವೇ, ಹಾಗೆ. ವರ್ಷಗಟ್ಟಲೆ ರಕ್ತದಲ್ಲಿ ಕಾಯಿಲೆಯ ಸುಳಿವೇ ಸಿಗದಷ್ಟು ಹತೋಟಿಗೆ ಬಂದವರು ಡಾಕ್ಟರ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ ನೋಡಿದ್ದುಂಟು. ಅವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮರಳಿದೆ. ಟೊರೊಂಟೊದ ಜಾನ್ ಡಿಕ್ ತಂಡ 1994ರಲ್ಲಿ ಅಕ್ಯೂಟ್ ಲ್ಯುಕೇಮಿಯಾದಲ್ಲೂ ಇಂಥ ಕಾಯಿಲೆಯ ಕಾಂಡಕೋಶಗಳಿರುವುದನ್ನು ಇಲಿಗಳಲ್ಲಿ ತೋರಿಸಿತು. ಇಲ್ಲಿಗೆ ನಿಮ್ಮ ಲೇಖನ ಬಂದು ನಿಂತರೆ ಸಾಕು.

1,200 ಪದ ಮೀರಬೇಡಿ. ಹುಡುಗನ ಊರು, ವಯಸ್ಸು, ಬಂದ ದಿನ ಎಲ್ಲವನ್ನೂ ತೆಗೆಯಿರಿ. ಊರಿನವರಿಗೆ ಗುರುತು ಹತ್ತಬಾರದು. ಬರೆದ ಮೇಲೆ ನಿಮ್ಮ ಪೆಥಾಲಜಿ ಡಾಕ್ಟರಿಗೆ ಒಮ್ಮೆ ಓದಿಸಿ, ನಿಮ್ಮ ತಂದೆಗೂ ಒಮ್ಮೆ ಓದಿ ಹೇಳಿ. ಅವರು ಎಲ್ಲಿ ‘ಏನಂದಿ?’ ಎನ್ನುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. ಬರುವ ತಿಂಗಳ ಕೊನೆಯವರೆಗೆ ನಿಮಗಾಗಿ ಜಾಗ ಇಟ್ಟಿರುತ್ತೇನೆ.

ಇನ್ನೊಂದು. ‘ರಕ್ತ ಕಡಿಮಿ ಐತೇನ್ರಿ’ ಎಂದು ಆ ಅಪ್ಪ ಕೇಳಿದಾಗ ನೀವು ಏನು ಹೇಳಿದಿರಿ ಎಂದು ಬರೆದಿಲ್ಲ. ಅದು ಬೇಕು.