ಮುಟ್ಟಿಗೆ ಮುಂಚಿನ ವಾರ

ಪ್ರಶ್ನೆ: ಮೇಡಂ, ನನಗೆ 22 ವರ್ಷ. ಗದಗ ಜಿಲ್ಲೆಯ ಹಳ್ಳಿಯವಳು. ಧಾರವಾಡದ ಸಪ್ತಾಪುರದಲ್ಲಿ ಪಿ.ಜಿ.ಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮುಟ್ಟಾಗುವ ಐದಾರು ದಿನ ಮೊದಲು ಎದೆ ಡವಡವ ಎನ್ನುತ್ತದೆ, ಓದಿದ್ದೆಲ್ಲ ಮರೆತುಹೋಯಿತೆಂದು ಅಳು ಬರುತ್ತದೆ. ಊರಿನಿಂದ ಫೋನ್ ಬಂದರೆ ಯಾರಿಗೋ ಏನೋ ಆಗಿದೆ ಎಂದೇ ಅನ್ನಿಸುತ್ತದೆ. ಮುಟ್ಟಾದ ಮರುದಿನ ಎಲ್ಲ ಮಾಯ. ವ್ಯಾಯಾಮ ಮಾಡು ಎಂದು ಗೆಳತಿ ಹೇಳಿದಳು. ಕಳೆದ ತಿಂಗಳು ಅದೇ ವಾರದಲ್ಲಿ ಒಂದು ದಿನ ಓಡಿದೆ. ಎದೆಬಡಿತ ಇನ್ನೂ ಜೋರಾಗಿ, ಹೆದರಿ ಬಿಟ್ಟುಬಿಟ್ಟೆ. ಹೊಲಕ್ಕೆ ಹೋಗುವ ನನ್ನ ಅವ್ವ, ಆ ದಿನಗಳು ಹತ್ತಿರ ಬಂದಾಗ ಮೈ ದಣಿಸಬೇಡ ಎನ್ನುತ್ತಾಳೆ. ಯಾರ ಮಾತು ಕೇಳಲಿ?
– ಓದುಗಾರ್ತಿ, ಧಾರವಾಡ

ಉತ್ತರ: ತಂಗೀ, ಇಬ್ಬರದನ್ನೂ ಅರ್ಧರ್ಧ ಕೇಳು. (ಆ ದಿನಗಳಲ್ಲೂ ಬಗ್ಗಿ ಕಳೆ ಕಿತ್ತವಳು ಮಗಳಿಗೆ ಮಾತ್ರ ದಣಿಯಬೇಡ ಎನ್ನುತ್ತಾಳೆ. ಅವ್ವಂದಿರೇ ಹಾಗೆ.)

ನಿನ್ನ ಪತ್ರದಲ್ಲಿ ನಾನು ಗೆರೆ ಎಳೆದುಕೊಂಡದ್ದು ‘ಮುಟ್ಟಾದ ಮರುದಿನ ಎಲ್ಲ ಮಾಯ’ ಎಂಬ ಸಾಲಿಗೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ, ಮುಟ್ಟು ಹತ್ತಿರವಾದಂತೆ ಇಳಿಯುತ್ತದೆ. ಈ ಏರಿಳಿತ ಎಲ್ಲರಲ್ಲೂ ಇದ್ದದ್ದೇ. ಕೆಲವರ ಮಿದುಳು ಮಾತ್ರ ಅದಕ್ಕೆ ಬೇಗ ಕದಡುತ್ತದೆ. ಹಾರ್ಮೋನು ಪರೀಕ್ಷೆ ಮಾಡಿಸಿದರೆ ವರದಿ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಆ ದುಡ್ಡು ಉಳಿಸಿ ಒಂದು ಪುಟ್ಟ ಡೈರಿ ಕೊಂಡುಕೋ. ಎರಡು ತಿಂಗಳು, ದಿನಕ್ಕೊಂದು ಸಾಲು: ಹೆದರಿಕೆ ಎಷ್ಟಿತ್ತು, ನಿದ್ದೆ ಎಷ್ಟಾಯಿತು.

ಇನ್ನು ಓಟ. ತಿಂಗಳುಗಟ್ಟಲೆ ಕುಳಿತು ಓದಿದವಳು ಏಕಾಏಕಿ ಓಡಿದರೆ ಎದೆ ಹೊಡೆದುಕೊಳ್ಳದೆ ಇನ್ನೇನು? ಆದರೆ ಮೊದಲೇ ಹೆದರಿದ್ದ ಮನಸ್ಸು ಆ ಬಡಿತವನ್ನೂ ಹೆದರಿಕೆಯ ಲೆಕ್ಕಕ್ಕೇ ಬರೆದುಕೊಂಡಿತು. ಮುಹೂರ್ತ ತಪ್ಪಿತು, ಅಷ್ಟೇ.

ಈ ಸಲ ಓಟ ಬೇಡ, ಮುಟ್ಟಿನ ದಿನಗಳು ಮುಗಿದ ಮರುದಿನ ನಡಿಗೆ ಶುರುಮಾಡು, ಆಗ ಮನಸ್ಸು ಹಗುರವಿರುತ್ತದೆ. ಕರ್ನಾಟಕ ಕಾಲೇಜಿನ ಮೈದಾನ ನಿನಗೆ ಹತ್ತಿರ. ಗೆಳತಿಯನ್ನೂ ಎಬ್ಬಿಸಿಕೊಂಡು ಹೋಗು, ಸಲಹೆ ಕೊಟ್ಟವಳು ನಡೆಯಲಿ. ಮೊದಲ ವಾರ ಹತ್ತು ನಿಮಿಷ ಸಾಕು. ಆಮೇಲೆ ನಿಧಾನವಾಗಿ ಅರ್ಧ ಗಂಟೆಗೆ ಏರಿಸು. ವಾರಕ್ಕೆ ಐದು ದಿನವಾದರೆ 150 ನಿಮಿಷ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠವೂ ಅದೇ. ವೇಗಕ್ಕೆ ಯಂತ್ರ ಬೇಡ: ಮಾತಾಡಲು ಆಗಬೇಕು, ಹಾಡಲು ಹೋದರೆ ಉಸಿರು ಸಾಲದಾಗಬೇಕು. ಆ ಐದಾರು ದಿನ ಬಂದಾಗ ನಿಲ್ಲಿಸಬೇಡ, ಇಳಿಸು. ಹದಿನೈದು ನಿಮಿಷ ಮೆಲ್ಲಗೆ ನಡೆ. ರಾತ್ರಿ ಚಾಪೆಯ ಮೇಲೆ ಮಲಗಿ, ಗೋಡೆಗೆ ಕಾಲು ಆನಿಸಿ, ಉಸಿರು ಬಿಡುವುದನ್ನು ಎಳೆಯುವುದಕ್ಕಿಂತ ಉದ್ದ ಮಾಡು. ನಡುರಾತ್ರಿಯ ಚಹಾ ಕುಡಿಯುವವಳಾಗಿದ್ದರೆ ಆ ವಾರವಾದರೂ ಬಿಡು, ಅದೂ ಎದೆ ಬಡಿಸುತ್ತದೆ.

ನನ್ನಲ್ಲಿಗೆ ಬರುತ್ತಿದ್ದ ಹೊಲಿಗೆಯ ಹುಡುಗಿಯೊಬ್ಬಳು ಅಳತೆಯ ಪುಸ್ತಕದ ಹಿಂಬದಿಯಲ್ಲೇ ಲೆಕ್ಕ ಇಟ್ಟಿದ್ದಳು. ಹೆದರಿಕೆಯ ದಿನಕ್ಕೆ ನೀಲಿ ಸೀಮೆಸುಣ್ಣದ ಅಡ್ಡಗೆರೆ, ನಡೆದ ದಿನಕ್ಕೆ ಚುಕ್ಕೆ. ಮೊದಲ ತಿಂಗಳು ಏಳು ಗೆರೆ, ನಾಲ್ಕನೆಯ ತಿಂಗಳು ಮೂರು. ‘ಪೂರ್ತಿ ಹೋಗಿಲ್ಲ, ಆದರೆ ಬಂದಾಗ ಗುರುತು ಹಿಡಿಯುತ್ತೇನೆ’ ಎಂದಳು. ಇಷ್ಟಕ್ಕಿಂತ ಹೆಚ್ಚಿನ ಭರವಸೆ ನಾನು ಕೊಡಲಾರೆ. ನಿನಗೂ ಎರಡು ಮೂರು ತಿಂಗಳು ಹಿಡಿಯಬಹುದು.

ಡೈರಿಯಲ್ಲಿ ತಿಂಗಳಿಡೀ ಹೆದರಿಕೆಯೇ ಕಂಡರೆ ಅದು ಮುಟ್ಟಿನದಲ್ಲ, ಬೇರೆ ಚಿಕಿತ್ಸೆ ಬೇಕು. ಪುಸ್ತಕ ತೆರೆಯಲೇ ಆಗದಿದ್ದರೆ, ಬದುಕೇ ಬೇಡವೆನ್ನಿಸಿದರೆ, ನಡಿಗೆಯನ್ನು ನಂಬಿ ಕೂರಬೇಡ. ನೀನಿರುವ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡುತ್ತಾರೆ. ಮುಟ್ಟಿಗೆ ಮುಂಚಿನ ಎರಡು ವಾರಗಳಷ್ಟೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. ಆದರೆ ಅದನ್ನು ವೈದ್ಯರೇ ಬರೆದುಕೊಡಬೇಕು.

ಊರಿನ ಫೋನಿಗೆ ಹೆದರುತ್ತೀಯಲ್ಲ, ಬೆಳಗ್ಗೆ ನಡೆಯುವಾಗ ನೀನೇ ಅವ್ವನಿಗೆ ಫೋನ್ ಮಾಡು. ಏದುಸಿರು ಬಿಡದೆ ಮಾತಾಡಿದೆಯಾದರೆ ವೇಗವೂ ಸರಿಯಾಗಿದೆ ಎಂದರ್ಥ.