ಬಾನೆಟ್ ಮೇಲೆ ಡಿಸೋಟೊ, ಎಂಜಿನ್ ಮೇಲೆ ಪ್ಲಿಮತ್: ತಾತನ ಕಾರನ್ನು ಗುಜರಿಗೆ ಕೊಡಬೇಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಕಲೇಶಪುರದ ತೋಟದ ಷೆಡ್ಡಿನಲ್ಲಿ ತಾತನ ಕಾರು ಎಷ್ಟೋ ವರ್ಷದಿಂದ ನಿಂತಿದೆ. ಬಾನೆಟ್ ಮೇಲೆ ಡಿಸೋಟೊ ಅಂತಿದೆ. ಆರ್‌ಸಿ ಪುಸ್ತಕದಲ್ಲಿ ಡಿಸೋಟೊ ಡಿಪ್ಲೊಮ್ಯಾಟ್, 1948 ಅಂತಿದೆ. ಆದರೆ ಎಂಜಿನ್ ನಂಬರು ಪಿ 15 ಅಂತ ಶುರುವಾಗುತ್ತದೆ. ನೋಡಲು ಬಂದವರು "ಇದು ಪ್ಲಿಮತ್ ಎಂಜಿನ್, ಯಾರೋ ಬದಲಾಯಿಸಿದ್ದಾರೆ, ಗುಜರಿ ಬೆಲೆಗೆ ಕೊಡಿ" ಅಂದರು. ಕೆಳಗೆ ಇನ್ನೊಬ್ಬರು "ಡಿಸೋಟೊ ಕೆಟ್ಟ ಕಾರು, ಅದಕ್ಕೇ ಕಂಪನಿ ಮುಚ್ಚಿತು, ಪಾರ್ಟ್ಸೂ ಸಿಗಲ್ಲ" ಅಂತ ಬರೆದಿದ್ದಾರೆ. ಎರಡೂ ಮಾತು ಸರಿಯಲ್ಲ. ದಯವಿಟ್ಟು ಕಾರು ಕೊಡಬೇಡಿ. ನನ್ನ ಹತ್ತಿರ 1948ರ ಪ್ಲಿಮತ್ ಇದೆ, ಅಂದರೆ ನಿಮ್ಮ ಕಾರಿನ ಒಡಹುಟ್ಟು. ಅದನ್ನು ಬಿಚ್ಚಿ ಜೋಡಿಸಿದ ಅನುಭವದಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ಪಿ 15 ವಿಷಯ. ಅದು ಆ ಕಾಲದ ಪ್ಲಿಮತ್ ಮಾದರಿಯ ಗುರುತು. ಪ್ಲಿಮತ್, ಡಿಸೋಟೊ ಎರಡೂ ಅಮೆರಿಕದ ಕ್ರೈಸ್ಲರ್ ಕಂಪನಿಯ ಕಾರುಗಳೇ. ಡಿಸೋಟೊ ಡಿಪ್ಲೊಮ್ಯಾಟ್ ಅನ್ನುವ ಕಾರು ಅಮೆರಿಕದ ಒಳಗೆ ಮಾರಲು ಮಾಡಿದ್ದಲ್ಲ. ಹೊರದೇಶಗಳಿಗೆ ಅಂತಲೇ ಮಾಡಿದ್ದು. ಒಳಗೆ ಪೂರ್ತಿ ಪ್ಲಿಮತ್. ಮುಂದಿನ ಗ್ರಿಲ್, ಬ್ಯಾಡ್ಜ್, ಅಲಂಕಾರದ ಪಟ್ಟಿಗಳು ಡಿಸೋಟೊ. ಹಾಗಾಗಿ ಪಿ 15 ನಂಬರು ನೋಡಿ ಎಂಜಿನ್ ಬದಲಾಗಿದೆ ಅನ್ನುವುದಕ್ಕೆ ಆಗುವುದಿಲ್ಲ. ಅನುಮಾನ ಇದ್ದರೆ ಒಂದು ಟೇಪ್ ಹಿಡಿಯಿರಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ. 117 ಇಂಚು ಬಂದರೆ ಪ್ಲಿಮತ್ ಅಳತೆ, ಅಂದರೆ ಡಿಪ್ಲೊಮ್ಯಾಟ್. ಅಮೆರಿಕದಲ್ಲಿ ಮಾರುತ್ತಿದ್ದ ಆ ಕಾಲದ ಡಿಸೋಟೊ, ಎಸ್ 11 ಅನ್ನುವುದು, 121.5 ಇಂಚು. ನಾಲ್ಕೂವರೆ ಇಂಚಿನ ವ್ಯತ್ಯಾಸ, ತಪ್ಪಿ ಹೋಗುವಂಥದ್ದಲ್ಲ.

ಡಿಸೋಟೊ ಏಕೆ ಮುಚ್ಚಿತು ಅನ್ನುವುದೂ ಇದೇ ವಿಷಯಕ್ಕೆ ಬರುತ್ತದೆ. ಅದನ್ನು ಹೇಳದೆ ಬಿಟ್ಟರೆ ನಿಮ್ಮ ಕಾರಿನ ಕಥೆ ಅರ್ಧ ಮಾತ್ರ ಆಗುತ್ತದೆ.

ವಾಲ್ಟರ್ ಕ್ರೈಸ್ಲರ್ 1928ರಲ್ಲಿ ಡಿಸೋಟೊ ಶುರು ಮಾಡಿದರು. ಮಿಸಿಸಿಪ್ಪಿ ನದಿಯ ತನಕ ಬಂದ ಸ್ಪೇನಿನ ಹೆರ್ನಾಂಡೊ ಡಿ ಸೋಟೊ ಹೆಸರು ಇಟ್ಟರು. ಕಡಿಮೆ ಬೆಲೆಗೆ ಪ್ಲಿಮತ್, ಜಾಸ್ತಿ ಬೆಲೆಗೆ ಕ್ರೈಸ್ಲರ್, ನಡುವೆ ಡಿಸೋಟೊ. ಜನರಲ್ ಮೋಟರ್ಸ್‌ನವರು ಷೆವ್ರೊಲೆಯಿಂದ ಕ್ಯಾಡಿಲಾಕ್ ತನಕ ಮೆಟ್ಟಿಲು ಕಟ್ಟಿದ್ದರಲ್ಲ, ಹಾಗೇ. ಸಂಬಳ ಏರಿದ ಹಾಗೆ ಗಿರಾಕಿ ಒಂದೊಂದು ಮೆಟ್ಟಿಲು ಹತ್ತಬೇಕು, ಆದರೆ ಮನೆ ಬಿಟ್ಟು ಹೊರಗೆ ಹೋಗಬಾರದು. ಮೊದಲ 12 ತಿಂಗಳಲ್ಲಿ 81,065 ಕಾರು ಹೋದವು. ಮೊದಲ ವರ್ಷದಲ್ಲೇ ಅಷ್ಟು ಮಾರಿದ ಹೊಸ ಕಾರು ಅಮೆರಿಕದಲ್ಲಿ ಇನ್ನೊಂದಿರಲಿಲ್ಲ. ಆ ದಾಖಲೆ ಮುರಿಯಲು 1960ರ ಫೋರ್ಡ್ ಫಾಲ್ಕನ್ ಬರಬೇಕಾಯಿತು. ಕೆಟ್ಟ ಕಾರು ಹಾಗೆ ಮಾರುತ್ತದಾ?

ತೊಂದರೆಯೂ ಅದೇ 1928ರಲ್ಲೇ ಒಳಗೆ ಬಂದು ಕೂತಿತು. ಆ ಬೇಸಿಗೆಯಲ್ಲೇ ಕ್ರೈಸ್ಲರ್ ಡಾಡ್ಜ್ ಕಂಪನಿಯನ್ನೂ ಕೊಂಡರು. ಡಾಡ್ಜ್ ಕೂಡ ಮಧ್ಯದ ಬೆಲೆಯ ಕಾರೇ. ಒಂದೇ ಮೆಟ್ಟಿಲ ಮೇಲೆ ಇಬ್ಬರು ನಿಂತ ಹಾಗಾಯಿತು. ಮೊದಲು ಡಿಸೋಟೊ ಕೆಳಗೆ, ಡಾಡ್ಜ್ ಮೇಲೆ. 1933ರಲ್ಲಿ ಇಬ್ಬರನ್ನೂ ಅದಲುಬದಲು ಮಾಡಿದರು. ಮರುವರ್ಷ ಏರ್‌ಫ್ಲೋ ಬಂತು. ಗಾಳಿ ಸೀಳಿಕೊಂಡು ಹೋಗುವ ಗುಂಡಗಿನ ಮೈ, ಬಾಡಿಗೇ ಬಲ ಕೊಡುವ ಹೊಸ ಕಟ್ಟಡ. ಕಾಲಕ್ಕಿಂತ ಬಹಳ ಮುಂದಿದ್ದ ಕಾರು ಅದು, ನನಗಂತೂ ತುಂಬಾ ಇಷ್ಟ. ಆದರೆ ಜನರಿಗೆ ಆ ಮೂತಿ ಒಗ್ಗಲಿಲ್ಲ. ಕ್ರೈಸ್ಲರ್ ಷೋರೂಮಿನಲ್ಲಿ ಹಳೇ ಮಾದರಿಯ ಕಾರೂ ಇತ್ತು, ಬೇಡ ಅಂದವರಿಗೆ ಅದನ್ನು ಕೊಟ್ಟರು. ಡಿಸೋಟೊದಲ್ಲಿ ಆ ವರ್ಷ ಏರ್‌ಫ್ಲೋ ಬಿಟ್ಟರೆ ಬೇರೆ ಕಾರೇ ಇರಲಿಲ್ಲ. ಸುಮಾರು 14 ಸಾವಿರಕ್ಕೆ ಮಾರಾಟ ಕುಸಿಯಿತು. ಮನೆಯ ಪ್ರಯೋಗದ ಪೆಟ್ಟನ್ನು ನಡುವಿನ ಮಗ ತಿಂದ.

ಹಾಗಂತ ಅಲ್ಲಿಗೆ ಮುಗಿಯಲಿಲ್ಲ. ನ್ಯೂಯಾರ್ಕಿನಲ್ಲಿ ಛಾವಣಿಗೆ ಕಿಂಡಿ ಇದ್ದ ಡಿಸೋಟೊ ಟ್ಯಾಕ್ಸಿಗಳು ಓಡಿದವು. 1942ರ ಮಾಡೆಲ್‌ನಲ್ಲಿ ಮುಂದಿನ ದೀಪಗಳಿಗೆ ರೆಪ್ಪೆ ಇತ್ತು, ಬೇಕಾದಾಗ ತೆರೆಯುವುದು, ಬೇಡದಾಗ ಮುಚ್ಚುವುದು. ಯುದ್ಧ ಬಂದು ಆ ವರ್ಷವೇ ಕಾರು ಮಾಡುವುದು ನಿಂತಿತು. 1952ರಲ್ಲಿ ಫೈರ್‌ಡೋಮ್ ಅನ್ನುವ ವಿ8 ಎಂಜಿನ್ ಬಂತು, 160 ಕುದುರೆ ಶಕ್ತಿ. 1955ರಿಂದ ವರ್ಜಿಲ್ ಎಕ್ಸ್‌ನರ್ ರೂಪಿಸಿದ ಉದ್ದನೆ ಮೈ, 1957ಕ್ಕೆ ಬಾಣದ ಹಾಗೆ ಎದ್ದ ಹಿಂದಿನ ರೆಕ್ಕೆ. ಆ ವರ್ಷ ಸುಮಾರು 1 ಲಕ್ಷ 17 ಸಾವಿರ ಡಿಸೋಟೊ ತಯಾರಾದವು.

ಮೂರೇ ವರ್ಷದಲ್ಲಿ ಎಲ್ಲ ಹೋಯಿತು. 1957ರ ಕಾರುಗಳನ್ನು ಆತುರದಲ್ಲಿ ಮಾರುಕಟ್ಟೆಗೆ ತಂದಿದ್ದರು, ಮಳೆನೀರು ಒಳಗೆ ಸೋರುತ್ತಿತ್ತು, ತುಕ್ಕು ಬೇಗ ಹಿಡಿಯುತ್ತಿತ್ತು. ಕೆಟ್ಟ ಕಾರು ಅಂದವರ ಮಾತಿನಲ್ಲಿ ಅಷ್ಟು ನಿಜ ಇದೆ. ಆದರೆ ಆ ದೋಷ ಕ್ರೈಸ್ಲರ್ ಮನೆಯ ಎಲ್ಲ ಕಾರಿಗೂ ಇತ್ತು, ನಿಮ್ಮ 1948ರ ಕಾರಿಗೂ ಅದಕ್ಕೂ ಸಂಬಂಧ ಇಲ್ಲ. 1958ರಲ್ಲಿ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ. ಮಧ್ಯದ ಬೆಲೆಯ ಕಾರುಗಳಿಗೇ ಜಾಸ್ತಿ ಏಟು ಬಿತ್ತು. ಫೋರ್ಡಿನವರ ಎಡ್ಸೆಲ್ ಸತ್ತಿದ್ದೂ ಅದೇ ಹೊತ್ತಿನಲ್ಲಿ. ಡಿಸೋಟೊ 50 ಸಾವಿರಕ್ಕಿಂತ ಕೆಳಗೆ ಇಳಿಯಿತು.

ಇಷ್ಟಾದರೂ ಉಳಿಯಬಹುದಿತ್ತು. ಕೊಂದಿದ್ದು ಮನೆಯವರೇ ಅಂತ ನನ್ನ ಅಭಿಪ್ರಾಯ. ಡಾಡ್ಜ್‌ನವರು ದೊಡ್ಡ, ದುಬಾರಿ ಮಾಡೆಲ್ ಮಾಡುತ್ತಾ ಮೇಲಕ್ಕೆ ಬಂದರು. ಕ್ರೈಸ್ಲರ್‌ನವರು ವಿಂಡ್ಸರ್, ಆಮೇಲೆ ನ್ಯೂಪೋರ್ಟ್ ಅಂತ ಅಗ್ಗದ ಮಾಡೆಲ್ ಮಾಡುತ್ತಾ ಕೆಳಕ್ಕೆ ಇಳಿದರು. ಡಿಸೋಟೊ ಅಡಕತ್ತರಿಗೆ ಸಿಕ್ಕ ಅಡಿಕೆಯಾಯಿತು. ಕೊನೆಗೆ ಅದಕ್ಕೆ ಅಂತ ಬೇರೆ ಮೈಯೂ ಉಳಿಯಲಿಲ್ಲ. ಇನ್ನೊಬ್ಬರ ಬಾಡಿ, ಇನ್ನೊಬ್ಬರ ಎಂಜಿನ್, ತನ್ನದು ಗ್ರಿಲ್ ಮಾತ್ರ. ಹೆಚ್ಚುಕಡಿಮೆ ಅದೇ ಬೆಲೆಗೆ ಕ್ರೈಸ್ಲರ್ ಸಿಗುತ್ತದೆ ಅಂದಮೇಲೆ ಗ್ರಿಲ್ ನೋಡಿ ಯಾರು ತೊಗೋತಾರೆ? 1961ರ ಮಾಡೆಲ್ ಬಂದು ಆರೇಳು ವಾರ ಆಗಿತ್ತು ಅಷ್ಟೇ, 1960ರ ನವೆಂಬರ್ 30ರಂದು ನಿಲ್ಲಿಸಿದೆವು ಅಂದುಬಿಟ್ಟರು. ಆ ಕೊನೆಯ ಮಾಡೆಲ್ ತಯಾರಾಗಿದ್ದು 3,034. ಒಟ್ಟು 20 ಲಕ್ಷಕ್ಕೂ ಹೆಚ್ಚು ಕಾರು ಮಾಡಿದ ಹೆಸರು ಅದು. ಆಮೇಲೆ ಪ್ಲಿಮತ್ 2001ರಲ್ಲಿ, ಓಲ್ಡ್ಸ್‌ಮೊಬೈಲ್ 2004ರಲ್ಲಿ ನಿಂತವು. ಪಾಂಟಿಯಾಕ್, ಮರ್ಕ್ಯುರಿ ಕೂಡ ಇಲ್ಲ ಈಗ.

ಆದರೆ ನೋಡಿ, ಕಂಪನಿಯನ್ನು ಕೊಂದ ಆ ಹಂಚಿಕೊಂಡ ಎಂಜಿನ್, ಹಂಚಿಕೊಂಡ ಷಾಸಿಯೇ ಇವತ್ತು ನಿಮ್ಮ ಕಾರನ್ನು ಉಳಿಸುವುದು. ಆ ಆರು ಸಿಲಿಂಡರಿನ, ವಾಲ್ವ್ ಬ್ಲಾಕಿನ ಪಕ್ಕದಲ್ಲೇ ಇರುವ ಫ್ಲ್ಯಾಟ್‌ಹೆಡ್ ಎಂಜಿನ್ ಪ್ಲಿಮತ್, ಡಾಡ್ಜ್ ಕಾರುಗಳಿಗೆ, ಡಾಡ್ಜ್ ಮತ್ತು ಫಾರ್ಗೊ ಟ್ರಕ್ಕುಗಳಿಗೆ, ಕೊಯ್ಲು ಯಂತ್ರಗಳಿಗೆ, ವೆಲ್ಡಿಂಗ್ ಸೆಟ್ಟುಗಳಿಗೆ ಎಲ್ಲದಕ್ಕೂ ಬಂತು. ಕಾರಿನಲ್ಲಿ ನಿಂತ ಮೇಲೂ ಬೇರೆ ಕೆಲಸಗಳಿಗೆ ಎಷ್ಟೋ ವರ್ಷ ತಯಾರಾಯಿತು. ಗ್ಯಾಸ್ಕೆಟ್, ರಿಂಗ್, ವಾಲ್ವ್, ಬ್ರೇಕ್ ಕಿಟ್ ಅಮೆರಿಕದಲ್ಲಿ ಈಗಲೂ ಹೊಸದಾಗಿ ಸಿಗುತ್ತವೆ. ತರಿಸಬಹುದು. ಡಿಸೋಟೊ ಪಾರ್ಟ್ಸ್ ಅಂತ ಹುಡುಕಬೇಡಿ, ಪ್ಲಿಮತ್ ಪಿ 15 ಅಂತ ಹುಡುಕಿ. ಒಂದು ಎಚ್ಚರಿಕೆ: ಈ ಎಂಜಿನ್‌ನಲ್ಲಿ ಎರಡು ಉದ್ದ ಇವೆ. ಸಿಲಿಂಡರ್ ಹೆಡ್ ಅಳೆಯಿರಿ. 23 ಇಂಚಿನ ಆಸುಪಾಸು ಬಂದರೆ ಅಮೆರಿಕದ ಪ್ಲಿಮತ್, ಡಾಡ್ಜ್‌ನದು. 25 ಇಂಚು ಬಂದರೆ ಕೆನಡಾದ್ದು ಅಥವಾ ದೊಡ್ಡ ಡಿಸೋಟೊ, ಕ್ರೈಸ್ಲರ್‌ನದು. ಹೆಡ್ ಗ್ಯಾಸ್ಕೆಟ್ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ನಮ್ಮಲ್ಲಿ ಈ ಕಾರುಗಳು ಬಂದ ದಾರಿಯೂ ಸ್ವಲ್ಪ ಗೊತ್ತಿರಲಿ. ಭಾರತದಲ್ಲೇ ಕಾರು ಮಾಡಬೇಕು ಅಂತ 1930ರ ದಶಕದಲ್ಲಿ ಯೋಜನೆ ಹಾಕಿಕೊಂಡು ಓಡಾಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. ವಾಲ್‌ಚಂದ್ ಹೀರಾಚಂದ್ ಅನ್ನುವ ಉದ್ಯಮಿ ಅವರ ಜೊತೆ ನಿಂತರು, ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ವಾಲ್‌ಚಂದ್ ಅವರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಮುಂಬೈನ ಕುರ್ಲಾದಲ್ಲಿ ಒಂದೇ ಸೂರಿನ ಕೆಳಗೆ ಪ್ಲಿಮತ್, ಡಾಡ್ಜ್, ಡಿಸೋಟೊ ಮೂರೂ ಜೋಡಿಸುತ್ತಿದ್ದರು. ನಿಮ್ಮ ಕಾರು ಅಲ್ಲಿಂದಲೇ ಬಂದಿರಬಹುದು. ಮುಂದಿನ ಬಾಗಿಲ ಕಂಬದ ಮೇಲೆ ಒಂದು ಸಣ್ಣ ತಗಡು ಇರುತ್ತದೆ, ಬಣ್ಣದ ಕೆಳಗೆ ಮುಚ್ಚಿರಬಹುದು. ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಉಪ್ಪುಕಾಗದ ಹಾಕಬೇಡಿ. ಆ ನಂಬರನ್ನು ಆರ್‌ಸಿ ಜೊತೆ ಹೋಲಿಸಿ.

ಈಗ ಕೆಲಸಕ್ಕೆ ಬರೋಣ. ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ಆರೂ ಪ್ಲಗ್ ಬಿಚ್ಚಿ, ಆ ತೂತಿನಿಂದ ತೆಳ್ಳನೆ ಎಣ್ಣೆ ಹಾಕಿ ನಾಲ್ಕೈದು ದಿನ ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿ. ಎಂಜಿನ್ ಪಕ್ಕದ ಎರಡು ಸಣ್ಣ ಮುಚ್ಚಳ ತೆಗೆದರೆ ವಾಲ್ವ್‌ಗಳು ಕಾಣುತ್ತವೆ. ಹನ್ನೆರಡೂ ಮೇಲೆ ಹೋಗಿ ಕೆಳಗೆ ಬರುತ್ತಿವೆಯಾ ನೋಡಿ. ಮೇಲೆ ನಿಂತುಬಿಟ್ಟದ್ದಕ್ಕೆ ಎಣ್ಣೆ ಬಿಟ್ಟು ಕಾಯಿರಿ, ಬಡಿಯಬೇಡಿ.

ಈ ಎಂಜಿನ್ ಬಿಸಿಯಾಗುತ್ತದೆ ಅನ್ನುವ ದೂರು ಎಲ್ಲ ಕಡೆ ಕೇಳುತ್ತೀರಿ. ಬಹಳ ಜನ ರೇಡಿಯೇಟರ್ ಬದಲಾಯಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಕಾರಣ ಒಳಗಿದೆ. ವಾಟರ್ ಪಂಪಿನ ಹಿಂದೆ ಬ್ಲಾಕಿನ ಉದ್ದಕ್ಕೂ ಒಂದು ಚಪ್ಪಟೆ ಕೊಳವೆ ಹೋಗುತ್ತದೆ. ಅದರ ತೂತುಗಳಿಂದ ಪ್ರತಿ ವಾಲ್ವಿನ ಹತ್ತಿರಕ್ಕೂ ತಣ್ಣೀರು ಚಿಮ್ಮಬೇಕು. ತುಕ್ಕು ಹಿಡಿದರೆ ನೀರು ಮುಂದಿನ ಸಿಲಿಂಡರಿನಲ್ಲೇ ತಿರುಗಿ ವಾಪಸ್ ಬರುತ್ತದೆ, ಹಿಂದಿನ ಎರಡು ಸುಡುತ್ತವೆ. ನನ್ನ ಕಾರಿನದನ್ನು ಕೊಕ್ಕೆ ಹಾಕಿ ಎಳೆದಾಗ ಮೊದಲು ಒಂದು ಗೇಣು ಬಂತು. ಉಳಿದದ್ದು ಹಪ್ಪಳದ ಚೂರಿನ ಹಾಗೆ ಕೆಂಪಗೆ ಪುಡಿಪುಡಿಯಾಗಿ ಅಂಗೈಗೆ ಬಿತ್ತು. ಎರಡು ದಿನ ಹಿಡಿಯಿತು ಪೂರ್ತಿ ತೆಗೆಯಲು. ಹೊಸ ಕೊಳವೆ ಹಾಕಿದ ಮೇಲೆ ಚಾರ್ಮಾಡಿ ಘಾಟಿಯಲ್ಲೂ ಮುಳ್ಳು ಮೇಲೆ ಹೋಗಲಿಲ್ಲ. ರೇಡಿಯೇಟರ್ ಹೇಗೂ ಬಿಚ್ಚುತ್ತೀರಿ, ಆಗಲೇ ಇದನ್ನು ಮಾಡಿಬಿಡಿ.

ಚಕ್ರ ಬಿಚ್ಚುವ ಮುಂಚೆ ಇದನ್ನು ನೆನಪಿಡಿ. ಕಾರಿನ ಎಡಗಡೆಯ ಚಕ್ರದ ಬೋಲ್ಟುಗಳು ಉಲ್ಟಾ ಥ್ರೆಡ್ಡಿನವು. ನಾವು ದಿನಾ ಬಿಚ್ಚುವ ಕಡೆಗೆ ತಿರುಗಿಸಿದರೆ ಅವು ಇನ್ನೂ ಬಿಗಿಯಾಗಿ ಮುರಿಯುತ್ತವೆ. ಹಿಂದಿನ ಬ್ರೇಕ್ ಡ್ರಮ್ ಓರೆ ಆಕ್ಸಲ್ ಮೇಲೆ ಕಚ್ಚಿ ಕೂತಿರುತ್ತದೆ. ಎಳೆದು ಬಿಡಿಸಲು ಮೂರು ಕಾಲಿನ ಸಾಮಾನ್ಯ ಪುಲ್ಲರ್ ಹಾಕಿದರೆ ಡ್ರಮ್ಮಿನ ಅಂಚು ಬಾಗುತ್ತದೆ. ಬೋಲ್ಟಿನ ತೂತಿಗೇ ಹಿಡಿಯುವ ದಪ್ಪನೆ ಪುಲ್ಲರ್ ಬೇಕು. ನಡುವಿನ ನಟ್ ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲ ಮಾಡಿ ಬಿಡಿ. ಡ್ರಮ್ ಬಿಡುವಾಗ ಗುಂಡು ಹೊಡೆದ ಸದ್ದು ಬರುತ್ತದೆ, ನಟ್ ಇಲ್ಲದಿದ್ದರೆ ನೇರ ನಿಮ್ಮ ಮೊಣಕಾಲಿಗೆ.

ವೈರಿಂಗ್ 6 ವೋಲ್ಟ್, ಪಾಸಿಟಿವ್ ಅರ್ತ್. ಪ್ಲಸ್ ತಂತಿ ಬಾಡಿಗೆ. ಎಲೆಕ್ಟ್ರಿಷಿಯನ್ ಬಂದು ಇದು ತಪ್ಪು ಅಂತ ತಿರುಗಿಸುತ್ತಾರೆ, ಬಿಡಬೇಡಿ. 12ಕ್ಕೆ ಬದಲಾಯಿಸುವ ಅಗತ್ಯವೂ ಇಲ್ಲ. ಸ್ಟಾರ್ಟ್ ಆಗದಿರುವುದು ಬಹುಪಾಲು ಸಣ್ಣ ಕೇಬಲ್ಲಿನಿಂದ. ಹೆಬ್ಬೆರಳಿನಷ್ಟು ದಪ್ಪನೆ ಕೇಬಲ್ ಹಾಕಿ. ಹಳೇ ಬಟ್ಟೆ ಸುತ್ತಿದ ವೈರುಗಳನ್ನು ಇಲಿ ಕಡಿದಿರುತ್ತದೆ, ಪೂರ್ತಿ ಹೊಸದು ಎಳೆಸಿ.

ಸಿಗದೇ ಇರುವುದು ಗ್ರಿಲ್, ಬ್ಯಾಡ್ಜ್, ಡಿಸೋಟೊ ಹೆಸರಿನ ಅಲಂಕಾರ. ಅವು ಮಾತ್ರವೇ ನಿಮ್ಮ ಕಾರಿನಲ್ಲಿ ಡಿಸೋಟೊದವು, ಅಲ್ವಾ. ಪ್ಲೇಟಿಂಗಿಗೆ ಕೊಡುವ ಮುಂಚೆ ಒಂದೊಂದರ ಫೋಟೊ ತೆಗೆದು, ಎಣಿಸಿ, ಪಟ್ಟಿ ಬರೆಸಿಕೊಳ್ಳಿ. ನಾನು ಹಾಗೆ ಮಾಡಲಿಲ್ಲ. ಹನ್ನೊಂದು ಚೂರು ಕೊಟ್ಟೆ, ಹತ್ತು ವಾಪಸ್ ಬಂತು. ಆ ಒಂದು ಪಟ್ಟಿ ಇವತ್ತಿಗೂ ಸಿಕ್ಕಿಲ್ಲ.

ಕಾಗದದ ವಿಷಯ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನದ ನಿಯಮ ತಂದಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ಅದು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, 10 ವರ್ಷ ನಡೆಯುತ್ತದೆ. ಆರ್‌ಸಿ ಇರುವುದರಿಂದ ಹಳೇ ನಂಬರ್ ಉಳಿಸಿಕೊಳ್ಳಲು ಆಗುತ್ತದಾ ಅಂತ ಆರ್‌ಟಿಒದಲ್ಲಿ ಮೊದಲು ಕೇಳಿ. ಡೀಸೆಲ್ ಎಂಜಿನ್ ಕೂರಿಸಿ ಅಂತ ಯಾರು ಹೇಳಿದರೂ ಒಪ್ಪಬೇಡಿ, ಷಾಸಿ ಕತ್ತರಿಸಿದ ದಿನ ಈ ದಾರಿ ಮುಚ್ಚುತ್ತದೆ.

ಈ ಭಾನುವಾರ ಎರಡು ಅಳತೆ ಹಾಕಿ: ಚಕ್ರದಿಂದ ಚಕ್ರಕ್ಕೆ ಎಷ್ಟು, ಹೆಡ್ ಉದ್ದ ಎಷ್ಟು. ಜೊತೆಗೆ ಗ್ರಿಲ್ಲಿನ ಹತ್ತಿರದ ಫೋಟೊ. ಮುಂದಿನ ತಿಂಗಳು ನಾನು ಹಾಸನಕ್ಕೆ ಬರುವುದಿದೆ, ಪುಲ್ಲರ್ ಡಿಕ್ಕಿಯಲ್ಲಿ ಹಾಕಿಕೊಂಡು ಬರುತ್ತೇನೆ. ಅಲ್ಲಿಯವರೆಗೆ ಹಿಂದಿನ ಡ್ರಮ್ಮಿಗೆ ಸುತ್ತಿಗೆ ಮುಟ್ಟಿಸಬೇಡಿ.