ಪ್ಯಾಕರ್ಸ್‌ನವರು ಲೋಟ ಕಟ್ಟುತ್ತಾರೆ, ಡೇಕೇರ್ ಹುಡುಕುವುದಿಲ್ಲ

ಪ್ರಶ್ನೆ: ನನಗೆ 32 ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ಆರು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮವರ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಇಷ್ಟು ದಿನ ಮನೆಯಿಂದಲೇ ಕೆಲಸವಿತ್ತು, ಈಗ ವಾರಕ್ಕೆ ನಾಲ್ಕು ದಿನ ಹೋಗಲೇಬೇಕು. ಅದಕ್ಕೇ ಆ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ನೋಡಿ ಅಡ್ವಾನ್ಸ್ ಕೊಟ್ಟಿದ್ದೇವೆ. ಅತ್ತೆ ಆಷಾಢ ಬೇಡ ಅಂದರು, ಆಮೇಲೆ ಪಿತೃಪಕ್ಷ ಬೇಡ ಅಂದರು. ಕೊನೆಗೆ ದಸರಾ ರಜೆಯಲ್ಲಿ ಅಂತಾಯಿತು. ಇನ್ನು ಮೂರು ವಾರ. ದಿನಾ ಜಗಳ. ಏನು ಕೇಳಿದರೂ ನಮ್ಮವರು ‘ಪ್ಯಾಕರ್ಸ್‌ನವರು ಮಾಡ್ತಾರೆ ಬಿಡು’ ಅನ್ನುತ್ತಾರೆ. ಮೊನ್ನೆ ‘ಹೋಗೋದಿದ್ರೆ ನೀವೊಬ್ರೇ ಹೋಗಿ’ ಅಂತ ಕಿರುಚಿಬಿಟ್ಟೆ. ನಾಲ್ಕು ವರ್ಷದ ಮಗಳು ಹಾಸಿಗೆ ಒದ್ದೆ ಮಾಡುವುದು ಬಿಟ್ಟು ವರ್ಷವಾಗಿತ್ತು, ಮತ್ತೆ ಶುರುವಾಗಿದೆ. ರಾತ್ರಿ ನಾನು ಡಬ್ಬಕ್ಕೆ ತುಂಬಿದ ಸ್ಟೀಲ್ ಲೋಟಗಳನ್ನು ಬೆಳಗ್ಗೆ ಎದ್ದು ಒಂದೊಂದಾಗಿ ತೆಗೆದು ಸ್ಟ್ಯಾಂಡಿನಲ್ಲಿ ಜೋಡಿಸುತ್ತಾಳೆ. ಓನರ್ ತಾಯಿ ಅವಳಿಗೆ ‘ಮೇಲ್ಮನೆ ಅಜ್ಜಿ’, ಸ್ಕೂಲು ಬಿಟ್ಟ ಮೇಲೆ ಸಂಜೆವರೆಗೆ ಅವರೇ ನೋಡಿಕೊಳ್ಳುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಗೋಡೆ ಮೇಲಿನ ಅವಳ ಕ್ರೇಯಾನ್ ಗೀಚನ್ನು ಟೂತ್‌ಪೇಸ್ಟ್ ಹಾಕಿ ಉಜ್ಜುತ್ತಾ ಕೂತರೆ ಅಳು ಬರುತ್ತೆ. ನನ್ನ ಕೆಲಸ ಇಲ್ಲೇ ವಿಜಯನಗರದಲ್ಲಿ, ಅದೇನು, ಮೆಟ್ರೋದಲ್ಲಿ ಓಡಾಡಿದರಾಯಿತು. ನಾನೇ ಜಾಸ್ತಿ ಯೋಚಿಸುತ್ತಿದ್ದೇನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕೆಲಸದ ವಿಷಯವನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದೂ ‘ಅದೇನು’ ಅಂತ ಸೇರಿಸಿ. ಜಗಳ ಇರುವುದು ಅಲ್ಲೇ ಅಂತ ನನಗನ್ನಿಸುತ್ತದೆ.

ಲೆಕ್ಕ ಹಾಕಿ ನೋಡಿ. ಈಗ ಅವರು ವಿಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಾರೆ. ದಸರಾ ಆದ ಮೇಲೆ ನೀವು ಎಲೆಕ್ಟ್ರಾನಿಕ್ ಸಿಟಿಯಿಂದ ವಿಜಯನಗರಕ್ಕೆ ಬರುತ್ತೀರಿ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾಗಿದ್ದು ದೊಡ್ಡ ಅನುಕೂಲವೇ, ಇಲ್ಲ ಅನ್ನಲ್ಲ. ಆದರೂ ಆರ್.ವಿ. ರೋಡಿನಲ್ಲಿ ಒಮ್ಮೆ ಇಳಿದು ಹತ್ತಬೇಕು, ಮೆಜೆಸ್ಟಿಕ್‌ನಲ್ಲಿ ಇನ್ನೊಮ್ಮೆ. ಅವರ ತಲೆಯಿಂದ ಇಳಿದ ಪ್ರಯಾಣ ಸೀದಾ ನಿಮ್ಮ ತಲೆಗೇ ಬಂತು, ಅಲ್ವಾ? ಜೊತೆಗೆ ಮೇಲ್ಮನೆ ಅಜ್ಜಿಯೂ ಇಲ್ಲ. ಇದನ್ನು ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದಾರಾ? ನಿಮ್ಮವರು ಹೇಳಿಲ್ಲ, ಸರಿ. ನೀವೂ ಹೇಳಿದ ಹಾಗೆ ಕಾಣಲಿಲ್ಲ. ಹೇಳದೆ ಉಳಿದದ್ದು ಡಬ್ಬ, ದಾರ, ಟೇಪಿನ ಹೆಸರಿನಲ್ಲಿ ಹೊರಗೆ ಬರುತ್ತಿದೆ.

ಇದನ್ನು ಕೂತು ಮಾತಾಡಿ. ಪ್ಯಾಕಿಂಗ್ ನಡುವೆ ಬೇಡ, ಮಗು ಮಲಗಿದ ಮೇಲೆ, ಫೋನು ಪಕ್ಕಕ್ಕಿಟ್ಟು. ‘ನೀವು ಏನೂ ಮಾಡಲ್ಲ’ ಅಂತ ಶುರು ಮಾಡಬೇಡಿ. ‘ಇನ್ಮೇಲೆ ದೂರ ಹೋಗೋಳು ನಾನು’ ಅಂತ ಶುರು ಮಾಡಿ. ಆಗ ಮುಂದಿನ ಮಾತು ತಾನಾಗೇ ಬರುತ್ತದೆ: ಆಫೀಸು ಹತ್ತಿರ ಇರುವುದು ಅವರದ್ದು, ಹಾಗಾದರೆ ಮಗುವನ್ನು ಬಿಡುವುದು, ಕರೆತರುವುದು ಅವರ ಪಾಲು. ಸ್ಕೂಲಿನಿಂದ ಮಧ್ಯಾಹ್ನ ಫೋನು ಬಂದರೆ ಓಡುವವರೂ ಅವರೇ. ನಿಮ್ಮ ಆಫೀಸಿನಲ್ಲಿ ವರ್ಗಾವಣೆಗೆ ದಾರಿ ಇದ್ದರೆ ಈಗಲೇ ಅರ್ಜಿ ಹಾಕಿ. ಅಡ್ವಾನ್ಸ್ ಕೊಟ್ಟಾಗಿದೆ, ವಾಪಸ್ ಹೋಗಿ ಅಂತ ನಾನು ಹೇಳಲ್ಲ. ಆದರೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಮುಂದಿನ ಮನೆ ಹುಡುಕುವಾಗ ನಕ್ಷೆ ತೆಗೆದು ಇಬ್ಬರ ಆಫೀಸಿಗೂ ನಡುವೆ ಬರುವ ಜಾಗ ನೋಡುತ್ತೇವೆ ಅಂತ ಇವತ್ತೇ ಮಾತಾಗಲಿ. ಜಯನಗರದ ಕಡೆ ಬಾಡಿಗೆ ಜಾಸ್ತಿ, ಗೊತ್ತು. ಮನೆ ಒಂದು ರೂಮು ಚಿಕ್ಕದಾಗುತ್ತದೆ, ಅಷ್ಟೇ.

ಇನ್ನು ‘ಪ್ಯಾಕರ್ಸ್‌ನವರು ಮಾಡ್ತಾರೆ’. ಅವರು ಲೋಟ ಕಟ್ಟುತ್ತಾರೆ, ಡೇಕೇರ್ ಹುಡುಕುವುದಿಲ್ಲ. ಗ್ಯಾಸ್ ಬದಲಾಯಿಸುವುದಿಲ್ಲ. ಗೃಹಜ್ಯೋತಿ ಇದ್ದರೆ ಹಳೇ ಮನೆಯ ಮೀಟರಿನಿಂದ ಆಧಾರ್ ಬಿಡಿಸಿ ಹೊಸ ಮೀಟರಿಗೆ ಸೇರಿಸುವುದಿಲ್ಲ. ಮಗುವಿನ ಲಸಿಕೆ ಕಾರ್ಡ್ ಯಾವ ಡಬ್ಬದಲ್ಲಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ನಿಮ್ಮವರಿಗೂ ಗೊತ್ತಿಲ್ಲ, ಯಾಕೆಂದರೆ ಈ ಪಟ್ಟಿ ಇರುವುದು ನಿಮ್ಮ ತಲೆಯೊಳಗೆ ಮಾತ್ರ. ಒಂದು ಹಾಳೆಗೆ ಇಳಿಸಿ. ಆಮೇಲೆ ‘ಸ್ವಲ್ಪ ಸಹಾಯ ಮಾಡಿ’ ಅನ್ನಬೇಡಿ. ಗ್ಯಾಸು, ಕರೆಂಟು, ಇಂಟರ್‌ನೆಟ್, ಲಾರಿ ಪೂರ್ತಿ ಅವರದ್ದು ಅಂತ ಕೊಟ್ಟುಬಿಡಿ. ನೆನಪಿಸಲೂ ಹೋಗಬೇಡಿ. ಗ್ಯಾಸ್ ಮರೆತರೆ ಎರಡು ದಿನ ಹೋಟೆಲ್ ಇಡ್ಲಿ ತಿಂದರಾಯಿತು.

ಅವರ ಪರವಾಗಿಯೂ ಒಂದು ಮಾತು. ಹೊಸ ಮನೆಗೆ ಅಡ್ವಾನ್ಸ್ ಕೊಟ್ಟಾಗಿದೆ. ಹಳೇದು ಕೈಗೆ ಬರುವುದು ಬೀಗದ ಕೈ ಕೊಟ್ಟ ಮೇಲೆ. ಈ ನಡುವಿನ ತಿಂಗಳು ದುಡ್ಡು ಎಲ್ಲಿಂದ ಹೊಂದಿಸಿದರು ಅಂತ ನಿಮ್ಮ ಪತ್ರದಲ್ಲಿಲ್ಲ. ‘ಬಿಡು’ ಅನ್ನುವ ಗಂಡಸರಲ್ಲಿ ಅರ್ಧ ಜನ ಬೇರೇನೋ ಲೆಕ್ಕ ಹಾಕುತ್ತಿರುತ್ತಾರೆ. ಕೇಳಿ ನೋಡಿ.

ಈಗ ಮಗಳು. ಐದು ವರ್ಷದೊಳಗಿನ ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಡಾಕ್ಟರು ಕಾಯಿಲೆ ಅನ್ನುವುದಿಲ್ಲ. ಬಿಟ್ಟ ಅಭ್ಯಾಸ ಇಂಥ ಹೊತ್ತಿನಲ್ಲಿ ವಾಪಸ್ ಬರುವುದು ಮಾಮೂಲು. ಮೂತ್ರ ಮಾಡುವಾಗ ಉರಿ, ಜ್ವರ, ವಿಪರೀತ ಬಾಯಾರಿಕೆ ಇದ್ದರೆ, ಹಗಲೂ ಆಗುತ್ತಿದ್ದರೆ ಮಾತ್ರ ತಡಮಾಡದೆ ತೋರಿಸಿ. ಇಲ್ಲದಿದ್ದರೆ ರಬ್ಬರ್ ಶೀಟು ಹಾಸಿ ಸುಮ್ನಿರಿ, ಬೈಯಬೇಡಿ.

ಆ ಲೋಟಗಳನ್ನು ನೋಡಿ. ದಿನಾ ಒಂದಿಷ್ಟು ಸಾಮಾನು ಮಾಯವಾಗುತ್ತಿದೆ, ಅಮ್ಮನೇ ಮಾಯ ಮಾಡುತ್ತಿದ್ದಾಳೆ. ಅವಳಿಗೆ ಕಾಣುವುದು ಇಷ್ಟೇ. ಹಾಗಾಗಿ ಅವಳು ಹಾಳು ಮಾಡುತ್ತಿಲ್ಲ, ಸರಿ ಮಾಡುತ್ತಿದ್ದಾಳೆ. ಈ ಶನಿವಾರ ಹೊಸ ಮನೆಗೆ ಕರೆದುಕೊಂಡು ಹೋಗಿ. ಲೋಟದ ಸ್ಟ್ಯಾಂಡು ಎಲ್ಲಿ ಬರಬೇಕು ಅಂತ ಅವಳೇ ಗೋಡೆ ಮುಟ್ಟಿ ತೋರಿಸಲಿ. ‘ಲೋಟನೂ ಬರುತ್ತೆ, ಸ್ಟ್ಯಾಂಡೂ ಬರುತ್ತೆ, ನೀನೂ ಬರ್ತೀಯ’ ಅಂತ ಹೇಳಿ. ಅಜ್ಜಿ ಬರುತ್ತಾರೆ ಅಂತ ಮಾತ್ರ ಸುಳ್ಳು ಹೇಳಬೇಡಿ. ‘ಅಜ್ಜಿ ಇಲ್ಲೇ ಇರ್ತಾರೆ, ಭಾನುವಾರ ಬಂದು ನೋಡೋಣ’ ಅನ್ನಿ, ಆ ಮೊದಲ ಭಾನುವಾರ ಏನೇ ಆಗಲಿ ಬನ್ನಿ. ಅವಳ ಹೊದಿಕೆ, ಬೊಂಬೆ ಲಾರಿಗೆ ಹಾಕಬೇಡಿ, ಕೈಯಲ್ಲೇ ಇರಲಿ. ಹೊದಿಕೆ ಒಗೆಯಲೂ ಬೇಡಿ. ಮೊದಲ ರಾತ್ರಿ ಹಳೇ ವಾಸನೆ ಬೇಕು.

ಹಾಲು ಉಕ್ಕಿಸುವ ಪಾತ್ರೆಯೂ ಕೈಯಲ್ಲೇ ಇರಲಿ. ನಾನು ಒಮ್ಮೆ ಹತ್ತು ಡಬ್ಬದ ಮೇಲೂ ‘ಅಡುಗೆಮನೆ’ ಅಂತ ಬರೆದು ಬುದ್ಧಿವಂತಿಕೆ ತೋರಿಸಿದ್ದೆ. ಮುಹೂರ್ತದ ಹೊತ್ತಿಗೆ ಒಂದರಲ್ಲೂ ಪಾತ್ರೆ ಸಿಗಲಿಲ್ಲ. ಹೆಸರೂ ಗೊತ್ತಿಲ್ಲದ ಎದುರು ಮನೆಯವರಿಂದ ಇಸ್ಕೊಂಡು ಬಂದು ಉಕ್ಕಿಸಿದೆವು. ಆ ಮನೆಯಲ್ಲಿ ಒಂಬತ್ತು ವರ್ಷ ಇದ್ದೆವು ಬಿಡಿ.

ಗೋಡೆ ಉಜ್ಜುವುದನ್ನು ಇವತ್ತಿಗೇ ನಿಲ್ಲಿಸಿ. ಬೆಂಗಳೂರಿನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ರೂಢಿ. ಗೀಚಿದ್ದರೂ ಹಿಡಿಯುತ್ತಾರೆ, ಗೀಚದಿದ್ದರೂ ಹಿಡಿಯುತ್ತಾರೆ. ಒಂದು ಫೋಟೋ ತೆಗೆದಿಟ್ಟುಕೊಂಡು ಮಲಗಿ. ಉಳಿದ ಮೂರು ವಾರ ಬೇಕಾದರೆ ಅವಳು ಇನ್ನಷ್ಟು ಗೀಚಲಿ.